ತಾಯಿಯ ಹಾಲು, ಬ್ಯಾಂಕಿನ ಹಾಲು, ಡಬ್ಬದ ಹಾಲು, ಹಸುವಿನ ಹಾಲು: ಯಾವ ಮಗುವಿಗೆ ಯಾವುದು?

ಹೆರಿಗೆಯಾಗಿ ಎರಡು ಮೂರು ದಿನ ಆಗುವಷ್ಟರಲ್ಲಿ ಬಾಣಂತಿಯ ಮಂಚದ ಸುತ್ತ ಸಣ್ಣ ಸಭೆಯೇ ಸೇರಿಬಿಡುತ್ತದೆ. 'ಹಾಲು ಸಾಲ್ತಿಲ್ಲ ಅನ್ಸುತ್ತೆ ಕಣೇ' ಅಂತ ಅಮ್ಮ. 'ಡಬ್ಬ ತಂದ್ಬಿಡ್ಲಾ?' ಅಂತ ಗಂಡ. 'ಹಸುವಿನ ಹಾಲಿಗೆ ನೀರು ಬೆರೆಸಿ ಹಾಕಿ, ನಿಮ್ಮನ್ನೆಲ್ಲ ಹಾಗೇ ಬೆಳೆಸಿದ್ದು' ಅಂತ ದೊಡ್ಡಮ್ಮ. ಮಗು ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇದ್ದರೆ ಸಿಸ್ಟರ್ ಕೂಡ ಒಂದು ಫಾರಂ ಹಿಡಿದು ಬರುತ್ತಾರೆ: 'ಮಿಲ್ಕ್ ಬ್ಯಾಂಕ್ ಹಾಲು ಕೊಡ್ತೀವಿ, ಇಲ್ಲಿ ಸೈನ್ ಮಾಡಿ'. ಅಂದರೆ ಬೇರೆ ತಾಯಂದಿರು ದಾನ ಕೊಟ್ಟ ಎದೆಹಾಲು.

ತಾಯಿಯ ಹಾಲೇ ಶ್ರೇಷ್ಠ ಅನ್ನುವ ಪೋಸ್ಟರ್ ಎಲ್ಲ ಆಸ್ಪತ್ರೆ ಗೋಡೆಯ ಮೇಲೂ ಇದೆ. ಅದು ನಿಜವೇ. ಆದರೆ ನಡುರಾತ್ರಿ ಅಳುವ ಮಗುವನ್ನು ಎತ್ತಿಕೊಂಡು ಕೂತವರಿಗೆ ಆ ಪೋಸ್ಟರಿನಿಂದ ಏನು ಉಪಯೋಗ? ಅವರಿಗೆ ಬೇಕಿರುವುದು ಮುಂದಿನ ಆಯ್ಕೆ. ಎದೆಹಾಲಿನ ಬಗ್ಗೆ ಆಗಿರುವ ಸಂಶೋಧನೆಗಳನ್ನು ಓದುತ್ತಾ ಹೋದರೆ ಒಂದು ವಿಷಯ ಎದ್ದು ಕಾಣುತ್ತದೆ. ಮಗು ಎಷ್ಟನೇ ವಾರಕ್ಕೆ ಹುಟ್ಟಿತು, ತೂಕ ಎಷ್ಟು, ಮನೆಯ ನೀರು ಹೇಗಿದೆ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಒಂದು ಕೆ.ಜಿ. ತೂಕದ ಮಗುವಿಗೆ ಪ್ರಾಣದ ಪ್ರಶ್ನೆಯಾಗುವ ವ್ಯತ್ಯಾಸ, ಮೂರು ಕೆ.ಜಿ. ಮಗುವಿಗೆ ಅಷ್ಟು ದೊಡ್ಡದಾಗಿ ಇರುವುದಿಲ್ಲ.

ಮೊದಲ ಪ್ರಶ್ನೆ: ಹಾಲು ನಿಜಕ್ಕೂ ಕಡಿಮೆ ಇದೆಯಾ?

ಬೇರೆ ಹಾಲು ಹುಡುಕುವ ಮುಂಚೆ ಇದನ್ನು ಖಚಿತ ಮಾಡಿಕೊಳ್ಳಬೇಕು. ಮೊದಲ ದಿನದ ಹಳದಿ ಗಿಣ್ಣುಹಾಲು ಒಂದು ಸಲಕ್ಕೆ ಒಂದು ಟೀ ಚಮಚದಷ್ಟೇ ಇರುತ್ತದೆ. ಮಗುವಿಗೆ ಆಗ ಬೇಕಿರುವುದೂ ಅಷ್ಟೇ. ಹಾಲು ತುಂಬಿಕೊಂಡು ಬರಲು ಎರಡರಿಂದ ನಾಲ್ಕು ದಿನ ಹಿಡಿಯುತ್ತದೆ. ಸಿಸೇರಿಯನ್ ಆದವರಿಗೆ ಇನ್ನೊಂದಿಷ್ಟು ತಡ ಆಗಬಹುದು. ಈ ನಡುವೆ ಮಗುವಿನ ತೂಕ ಶೇ. 7ರಷ್ಟು ಇಳಿದರೆ ಗಾಬರಿ ಬೇಡ. ಶೇ. 10ರ ಹತ್ತಿರ ಹೋದರೆ ವೈದ್ಯರಿಗೆ ತೋರಿಸಲೇಬೇಕು. ಎರಡು ವಾರದೊಳಗೆ ಹುಟ್ಟಿದ ತೂಕ ವಾಪಸ್ ಬರಬೇಕು, ಆಮೇಲೆ ದಿನಕ್ಕೆ 25ರಿಂದ 30 ಗ್ರಾಂ ಏರುತ್ತಾ ಹೋಗಬೇಕು.

ಮಗು ಅತ್ತಿತು ಅಂದರೆ ಹಸಿವು ಅಂತಲೇ ಅರ್ಥವಲ್ಲ. ಸಂಜೆ ಹೊತ್ತು ಒಂದೇ ಸಮನೆ ರಚ್ಚೆ ಹಿಡಿಯುವುದು ಮೊದಲ ಎರಡು ಮೂರು ತಿಂಗಳಲ್ಲಿ ಮಾಮೂಲಿ. ಎದೆ ಮೆತ್ತಗಾಯಿತು, ಪಂಪ್ ಮಾಡಿದರೆ ಬರೀ 20 ಮಿ.ಲೀ. ಬಂತು ಅನ್ನುವುದರಿಂದಲೂ ಏನೂ ಗೊತ್ತಾಗುವುದಿಲ್ಲ. ಮಗು ಎಳೆಯುವಷ್ಟು ಚೆನ್ನಾಗಿ ಯಾವ ಪಂಪೂ ಎಳೆಯುವುದಿಲ್ಲ. ನಂಬಬಹುದಾದದ್ದು ಎರಡೇ: ಐದನೇ ದಿನದ ನಂತರ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುವುದು, ಮತ್ತು ತಕ್ಕಡಿ. ಅಂಗನವಾಡಿಯಲ್ಲೋ ಆರೋಗ್ಯ ಕೇಂದ್ರದಲ್ಲೋ ತೂಕ ಹಾಕಿಸಿ ತಾಯಿ ಕಾರ್ಡಿನಲ್ಲಿ ಬರೆಸಿಕೊಂಡರೆ ಮನೆಯ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಇಲ್ಲೊಂದು ಅಧ್ಯಯನ ಉಪಯೋಗಕ್ಕೆ ಬರುತ್ತದೆ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಪೀಟರ್ ಹಾರ್ಟ್‌ಮನ್ ಅವರ ತಂಡ ವರ್ಷಗಟ್ಟಲೆ ಮಾಡಿದ್ದು ಇದನ್ನೇ. ಪ್ರತಿ ಸಲ ಕುಡಿಸುವ ಮುಂಚೆ ಮತ್ತು ಕುಡಿಸಿದ ಮೇಲೆ ಮಗುವಿನ ತೂಕ ಹಾಕುವುದು, ಎಷ್ಟು ಹಾಲು ಹೋಯಿತು ಅಂತ ಲೆಕ್ಕ ತೆಗೆಯುವುದು. 2006ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ 71 ತಾಯಂದಿರಿದ್ದರು. ಚೆನ್ನಾಗಿ ಬೆಳೆಯುತ್ತಿದ್ದ ಆ ಮಕ್ಕಳು ದಿನಕ್ಕೆ ಸರಾಸರಿ 788 ಗ್ರಾಂ ಹಾಲು ಕುಡಿದಿದ್ದವು. ಆದರೆ 500 ಗ್ರಾಂಗಿಂತ ಕಡಿಮೆ ಕುಡಿದ ಮಗುವೂ ಇತ್ತು, 1200 ಗ್ರಾಂ ದಾಟಿದ ಮಗುವೂ ಇತ್ತು. ಒಂದು ಮಗು ದಿನಕ್ಕೆ ಆರು ಸಲ ಕುಡಿದರೆ ಇನ್ನೊಂದು ಹದಿನೆಂಟು ಸಲ. ಎದೆಯಲ್ಲಿದ್ದ ಹಾಲಿನ ಮೂರನೇ ಎರಡು ಭಾಗವನ್ನು ಮಾತ್ರ ಮಕ್ಕಳು ಖಾಲಿ ಮಾಡುತ್ತಿದ್ದವು. ಹಾಗಾಗಿ ಪಕ್ಕದ ಮನೆ ಮಗುವಿನ ಜೊತೆ ಹೋಲಿಸುವುದು ಸುಮ್ನೆ ತಲೆನೋವು.

ಎದೆ ಎಷ್ಟು ಖಾಲಿಯಾಗುತ್ತದೋ ಅಷ್ಟು ಹಾಲು ಮತ್ತೆ ತಯಾರಾಗುತ್ತದೆ. ಹಾಲು ಒಳಗೇ ಉಳಿದರೆ ಉತ್ಪಾದನೆ ನಿಧಾನವಾಗುತ್ತದೆ. ಮೊದಲ ವಾರದಲ್ಲೇ 'ಒಂದೆರಡು ಸಲ' ಅಂತ ಡಬ್ಬ ತೆರೆದರೆ ಮಗು ಅಷ್ಟು ಹೊತ್ತು ಎದೆಗೆ ಬರುವುದಿಲ್ಲ, ಹಾಲು ಇಳಿಯುತ್ತದೆ, ಆಮೇಲೆ ನಿಜಕ್ಕೂ ಡಬ್ಬ ಬೇಕಾಗುತ್ತದೆ. ಜೇನುತುಪ್ಪ, ಸಕ್ಕರೆ ನೀರು ನೆಕ್ಕಿಸುವುದಕ್ಕೂ ಇದೇ ಮಾತು. ಜೇನಿನಲ್ಲಂತೂ ಬಾಟುಲಿಸಂ (ಸ್ನಾಯುಗಳ ಶಕ್ತಿ ಕಳೆಯುವ ಅಪಾಯದ ಕಾಯಿಲೆ) ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ.

ಡಬ್ಬದ ಲೇಬಲ್ ಹೇಳುವುದು, ಹೇಳದಿರುವುದು

ಬರೀ ಪೋಷಕಾಂಶದ ಲೆಕ್ಕ ನೋಡಿದರೆ ಎದೆಹಾಲು ತುಂಬ ಸಾಧಾರಣವಾಗಿ ಕಾಣುತ್ತದೆ. ಶೇ. 87ರಷ್ಟು ನೀರು. 100 ಮಿ.ಲೀ.ನಲ್ಲಿ ಸುಮಾರು 7 ಗ್ರಾಂ ಲ್ಯಾಕ್ಟೋಸ್ (ಹಾಲಿನ ಸಕ್ಕರೆ), 4 ಗ್ರಾಂ ಕೊಬ್ಬು, ಬರೀ 1 ಗ್ರಾಂ ಪ್ರೋಟೀನ್. ಶಕ್ತಿ 65ರಿಂದ 70 ಕ್ಯಾಲೊರಿ. ಇದನ್ನು ಡಬ್ಬದಲ್ಲಿ ಕೂಡಿಸುವುದು ಕಷ್ಟವೇನಲ್ಲ, ಕಂಪನಿಗಳು ಚೆನ್ನಾಗಿಯೇ ಕೂಡಿಸಿವೆ. ವ್ಯತ್ಯಾಸ ಇರುವುದು ಹೊಟ್ಟೆ ತುಂಬಿಸುವ ಕೆಲಸವನ್ನು ಬಿಟ್ಟು ಬೇರೆ ಕೆಲಸ ಮಾಡುವ ವಸ್ತುಗಳಲ್ಲಿ.

ಲ್ಯಾಕ್ಟೋಸ್ ಮತ್ತು ಕೊಬ್ಬು ಆದಮೇಲೆ ಎದೆಹಾಲಿನಲ್ಲಿ ಅತಿ ಜಾಸ್ತಿ ಇರುವ ಘನವಸ್ತು ಒಂದು ಬಗೆಯ ಸಕ್ಕರೆಗಳ ಗುಂಪು. ಹೆಸರು ಹ್ಯೂಮನ್ ಮಿಲ್ಕ್ ಆಲಿಗೋಸ್ಯಾಕರೈಡ್, ಚಿಕ್ಕದಾಗಿ ಎಚ್‌ಎಂಒ. 150ಕ್ಕೂ ಹೆಚ್ಚು ಬಗೆಗಳನ್ನು ಇಲ್ಲಿಯವರೆಗೆ ಗುರುತಿಸಿದ್ದಾರೆ. ಲೀಟರಿಗೆ 5ರಿಂದ 15 ಗ್ರಾಂ ಇರುತ್ತವೆ. ತಮಾಷೆ ಏನಂದರೆ ಇವುಗಳನ್ನು ಮಗು ಜೀರ್ಣ ಮಾಡಿಕೊಳ್ಳಲಾರದು. ತಾಯಿಯ ಮೈ ಇಷ್ಟು ಶಕ್ತಿ ಖರ್ಚು ಮಾಡಿ ಮಗುವಿಗೆ ಜೀರ್ಣವಾಗದ ಸಕ್ಕರೆ ಯಾಕೆ ತಯಾರಿಸುತ್ತದೆ? ಇದರ ಎಳೆ ಸಿಕ್ಕಿದ್ದು 1950ರ ದಶಕದಲ್ಲಿ, ಪಾಲ್ ಗ್ಯೋರ್ಗಿ ಮತ್ತು ರಿಚರ್ಡ್ ಕೂನ್ ಅವರ ಕೆಲಸದಿಂದ. ಆ ಸಕ್ಕರೆ ಮಗುವಿನ ಕರುಳಿನಲ್ಲಿರುವ ಬೈಫಿಡೋ ಬ್ಯಾಕ್ಟೀರಿಯಾಗಳ ಊಟ. ಅವು ತಿಂದು ಬೆಳೆದು ಕರುಳನ್ನು ಹುಳಿಯಾಗಿಡುತ್ತವೆ, ಕೆಟ್ಟ ಬ್ಯಾಕ್ಟೀರಿಯಾಗಳಿಗೆ ಜಾಗ ಬಿಡುವುದಿಲ್ಲ. ಜೊತೆಗೆ ಕೆಲವು ಎಚ್‌ಎಂಒಗಳು ರೋಗಾಣುಗಳಿಗೇ ಅಂಟಿಕೊಂಡು, ಅವು ಕರುಳಿನ ಗೋಡೆಗೆ ಹತ್ತದ ಹಾಗೆ ನೋಡಿಕೊಳ್ಳುತ್ತವೆ. ಈಗ ದುಬಾರಿ ಡಬ್ಬಗಳ ಮೇಲೆ '2-ಎಫ್‌ಎಲ್ (ಎಚ್‌ಎಂಒಗಳಲ್ಲಿ ಒಂದು) ಇದೆ', 'ಎಚ್‌ಎಂಒ ಇದೆ' ಅಂತ ದೊಡ್ಡದಾಗಿ ಬರೆದಿರುತ್ತಾರೆ. ಹೌದು, ಇರುತ್ತದೆ. 150ರಲ್ಲಿ ಒಂದು, ಇಲ್ಲ ಐದಾರು.

ಇನ್ನೊಂದು, ಐಜಿಎ ಅನ್ನುವ ಪ್ರತಿಕಾಯ, ಅಂದರೆ ರೋಗಾಣುವನ್ನು ಹಿಡಿದು ತಡೆಯುವ ಪ್ರೋಟೀನ್. ಇದು ಬರುವ ದಾರಿ ಸ್ವಾರಸ್ಯಕರ. ತಾಯಿ ತಿಂದ ಊಟದಲ್ಲೋ ಮುಟ್ಟಿದ ವಸ್ತುವಿನಲ್ಲೋ ಇದ್ದ ರೋಗಾಣು ಅವಳ ಕರುಳಿಗೆ ಹೋಗುತ್ತದೆ. ಅಲ್ಲಿನ ರಕ್ಷಣಾ ಕಣಗಳು ಅದನ್ನು ಗುರುತು ಹಿಡಿದು, ರಕ್ತದ ಮೂಲಕ ಸ್ತನಕ್ಕೆ ಬಂದು, ಅದೇ ರೋಗಾಣುವಿನ ವಿರುದ್ಧ ಪ್ರತಿಕಾಯ ತಯಾರಿಸಿ ಹಾಲಿಗೆ ಬಿಡುತ್ತವೆ. ಅಂದರೆ ಮಂಡ್ಯದ ಮನೆಯಲ್ಲಿರುವ ತಾಯಿಯ ಹಾಲಿನಲ್ಲಿ ಆ ಮನೆಯ, ಆ ಊರಿನ ರೋಗಾಣುಗಳಿಗೆ ಬೇಕಾದ ಪ್ರತಿಕಾಯ ಇರುತ್ತದೆ. ಇದನ್ನು ಯಾವ ಕಾರ್ಖಾನೆಯೂ ಮಾಡಲಾಗದು. ಗಿಣ್ಣುಹಾಲಿನಲ್ಲಿ ಇದು ಅತಿ ಜಾಸ್ತಿ. ಆ ಹಾಲನ್ನು 'ಕೆಟ್ಟ ಹಾಲು' ಅಂತ ಹಿಂಡಿ ಚೆಲ್ಲುವ ಪದ್ಧತಿ ಇನ್ನೂ ಕೆಲವು ಕಡೆ ಉಳಿದಿರುವುದು ಬೇಸರದ ಸಂಗತಿ.

ಒಂದೊಂದೇ ವಸ್ತುವನ್ನು ತೆಗೆದು ಸೇರಿಸಿದರೆ ಸಾಕಲ್ವಾ ಅಂತ ಅನಿಸಬಹುದು. ಆ ಪ್ರಯತ್ನವೂ ಆಗಿದೆ. ಲ್ಯಾಕ್ಟೋಫೆರಿನ್ ಅನ್ನುವ ಎದೆಹಾಲಿನ ಪ್ರೋಟೀನ್ ಸೋಂಕು ತಡೆಯುತ್ತದೆ ಅಂತ ಲ್ಯಾಬ್‌ಗಳಲ್ಲಿ ಕಂಡಿತ್ತು, ಸಣ್ಣ ಪರೀಕ್ಷೆಗಳೂ ಭರವಸೆ ಕೊಟ್ಟಿದ್ದವು. ಬ್ರಿಟನ್ನಿನಲ್ಲಿ ಅವಧಿಗೆ ಮುಂಚೆ ಹುಟ್ಟಿದ 2,203 ಮಕ್ಕಳ ಮೇಲೆ ಎಲ್ಫಿನ್ ಅನ್ನುವ ದೊಡ್ಡ ಪರೀಕ್ಷೆ ನಡೆಯಿತು. ಹಸುವಿನ ಲ್ಯಾಕ್ಟೋಫೆರಿನ್ ಕೊಟ್ಟ ಗುಂಪಿಗೂ ಕೊಡದ ಗುಂಪಿಗೂ ಸೋಂಕಿನಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದು 2019ರಲ್ಲಿ ವರದಿ ಬಂತು. ಡಬ್ಬದ ಮೇಲಿನ ಹೊಸ ಹೊಸ ಹೆಸರುಗಳಿಗೆ ನೂರಾರು ರೂಪಾಯಿ ಜಾಸ್ತಿ ಕೊಡುವ ಮುಂಚೆ ಇದನ್ನು ನೆನಪಿಟ್ಟುಕೊಳ್ಳಿ.

ಹಾಗಾದರೆ ಎದೆಹಾಲು ಕುಡಿದವರೆಲ್ಲ ಜಾಣರಾಗುತ್ತಾರಾ, ದಪ್ಪ ಆಗುವುದೇ ಇಲ್ಲವಾ? ಇಲ್ಲಿ ಪ್ರಚಾರ ಸ್ವಲ್ಪ ಜಾಸ್ತಿಯೇ ಆಗಿದೆ. ಓದಿದ, ಅನುಕೂಲಸ್ಥ ಮನೆಗಳಲ್ಲಿ ಎದೆಹಾಲು ಕುಡಿಸುವುದು ಹೆಚ್ಚಿರುವ ದೇಶಗಳಲ್ಲಿ ಯಾವುದು ಹಾಲಿನ ಪರಿಣಾಮ, ಯಾವುದು ಮನೆಯ ಪರಿಣಾಮ ಅಂತ ಬಿಡಿಸುವುದು ಕಷ್ಟ. ಇದಕ್ಕೆ ಉತ್ತರ ಹುಡುಕಿದ್ದು ಬೆಲಾರೂಸ್‌ನಲ್ಲಿ ನಡೆದ ಪ್ರೋಬಿಟ್ ಪರೀಕ್ಷೆ. ಮೈಕೆಲ್ ಕ್ರೇಮರ್ ಅವರ ತಂಡ 31 ಆಸ್ಪತ್ರೆಗಳನ್ನು ಎರಡು ಗುಂಪು ಮಾಡಿ, ಒಂದರಲ್ಲಿ ಎದೆಹಾಲಿಗೆ ವಿಶೇಷ ಬೆಂಬಲ ಕೊಟ್ಟು, 17,046 ಮಕ್ಕಳನ್ನು ಹಿಂಬಾಲಿಸಿತು. ಮೊದಲ ವರ್ಷ ಹೊಟ್ಟೆಯ ಸೋಂಕು ಶೇ. 13.2ರಿಂದ 9.1ಕ್ಕೆ, ಎಕ್ಸಿಮಾ (ಚರ್ಮದ ತುರಿಕೆ ಕಾಯಿಲೆ) ಶೇ. 6.3ರಿಂದ 3.3ಕ್ಕೆ ಇಳಿದಿತ್ತು. ಬೊಜ್ಜು, ಆಸ್ತಮಾ ವಿಷಯದಲ್ಲಿ ಮುಂದೆಯೂ ಲಾಭ ಕಾಣಲಿಲ್ಲ. ಆರೂವರೆ ವರ್ಷದಲ್ಲಿ ಬುದ್ಧಿ ಪರೀಕ್ಷೆಯ ಅಂಕ ಜಾಸ್ತಿ ಇತ್ತು, ಹದಿನಾರು ವರ್ಷಕ್ಕೆ ಆ ಅಂತರ ಬಹುಪಾಲು ಕರಗಿತ್ತು. ಶುದ್ಧ ನೀರು, ಒಳ್ಳೆಯ ಆಸ್ಪತ್ರೆ ಇದ್ದ ದೇಶದ ಲೆಕ್ಕ ಅದು. ಬೋರ್‌ವೆಲ್ ನೀರು, ಟ್ಯಾಂಕರ್ ನೀರು ನೆಚ್ಚಿಕೊಂಡ ಮನೆಗಳಲ್ಲಿ ಸೋಂಕಿನ ಲೆಕ್ಕವೇ ಮುಖ್ಯ.

ನೇರವಾಗಿ ಕುಡಿಸಿದ ಹಾಲು, ಹಿಂಡಿ ಕೊಟ್ಟ ಹಾಲು

ಕೆಲಸಕ್ಕೆ ವಾಪಸ್ ಹೋಗುವ ತಾಯಂದಿರಿಗೆ ಇದು ಮೊದಲ ಆಯ್ಕೆ. ಪೋಷಕಾಂಶದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಹಿಂಡಿದ ಹಾಲಿನಲ್ಲಿರುವ ಬ್ಯಾಕ್ಟೀರಿಯಾಗಳು ನೇರವಾಗಿ ಕುಡಿಸುವವರ ಹಾಲಿನಲ್ಲಿರುವುದಕ್ಕಿಂತ ಬೇರೆ ಅಂತ ಕೆನಡಾದ 'ಚೈಲ್ಡ್' ಅನ್ನುವ ಅಧ್ಯಯನ ತೋರಿಸಿದೆ. ಅದರಿಂದ ಮಗುವಿಗೆ ಏನಾಗುತ್ತದೆ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಆ ಒಂದು ಕಾರಣಕ್ಕೆ ಹಿಂಡಿದ ಹಾಲು ಬಿಟ್ಟು ಡಬ್ಬಕ್ಕೆ ಹೋಗುವುದು ಅರ್ಥವಿಲ್ಲದ್ದು.

ರಾತ್ರಿಯ ಹಾಲಿನಲ್ಲಿ ನಿದ್ದೆ ತರುವ ಮೆಲಟೋನಿನ್ ಇರುತ್ತದೆ, ಹಗಲಿನ ಹಾಲಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಬಾಟಲಿಯ ಮೇಲೆ ತಾರೀಖಿನ ಜೊತೆ ಹೊತ್ತನ್ನೂ ಬರೆದಿಡಿ. ರಾತ್ರಿ ಹಿಂಡಿದ್ದನ್ನು ರಾತ್ರಿಗೇ ಕೊಡಬಹುದು. ಕುಡಿಸುತ್ತಾ ಹೋದಂತೆ ಹಾಲಿನ ಕೊಬ್ಬು ಏರುತ್ತದೆ, ಹಾಗಾಗಿ ಒಂದು ಕಡೆ ಪೂರ್ತಿ ಹಿಂಡಿ ಆಮೇಲೆ ಇನ್ನೊಂದು ಕಡೆ ಹೋಗುವುದು ಒಳ್ಳೆಯದು.

ಇಡುವ ವಿಷಯ. ಹೊರಗಿಟ್ಟರೆ 4 ಗಂಟೆ ಅನ್ನುವ ಮಾತು 25 ಡಿಗ್ರಿಯ ಕೋಣೆಗೆ. ರಾಯಚೂರು, ಕಲಬುರಗಿಯ ಬೇಸಿಗೆಗೆ ಅದು ಅನ್ವಯಿಸುವುದಿಲ್ಲ, ಅಲ್ಲಿ ಹಿಂಡಿದ ತಕ್ಷಣ ಫ್ರಿಡ್ಜ್‌ಗೆ ಹೋಗಬೇಕು. ಕರೆಂಟ್ ಹೋಗಿ ಬರುವ ಊರಿನಲ್ಲಿ ಫ್ರಿಡ್ಜ್‌ನಲ್ಲಿಟ್ಟದ್ದನ್ನು ಒಂದು ದಿನದಲ್ಲಿ ಮುಗಿಸಿ. ಬೆಚ್ಚಗೆ ಮಾಡಲು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟರೆ ಸಾಕು. ಒಲೆಯ ಮೇಲೆ ಕಾಯಿಸುವುದು, ಮೈಕ್ರೋವೇವ್‌ನಲ್ಲಿಡುವುದು ಎರಡೂ ಬೇಡ.

ಕುಡಿಸಲು ಬಾಟಲಿಗಿಂತ ಒಳಲೆ ಒಳ್ಳೆಯದು. ನಮ್ಮ ಅಜ್ಜಿಯರ ಬೆಳ್ಳಿ ಒಳಲೆಯನ್ನೇ ಈಗ ಎನ್‌ಐಸಿಯುಗಳಲ್ಲಿ ಸ್ಟೀಲಿನಲ್ಲಿ ಮಾಡಿಸಿ ಇಟ್ಟಿದ್ದಾರೆ. ತೊಳೆಯುವುದು ಸುಲಭ, ನಿಪ್ಪಲ್ ಇಲ್ಲ, ಮೂಲೆಯಲ್ಲಿ ಹಾಲು ಉಳಿದು ಕೊಳೆಯುವುದಿಲ್ಲ. ಆದರೆ ಕೆಲವು ಮನೆಗಳಲ್ಲಿ ಮಾಡುವ ಹಾಗೆ ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ ಸುರಿಯಬಾರದು. ತಲೆ ಎತ್ತರವಾಗಿರುವ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು, ಒಳಲೆಯ ಮೂತಿಯನ್ನು ಬಾಯಿಯ ಪಕ್ಕದಲ್ಲಿಟ್ಟು, ಸ್ವಲ್ಪ ಬಾಗಿಸಿ, ಮಗು ನುಂಗಿದ ಮೇಲೆ ಮತ್ತೆ ಸ್ವಲ್ಪ. ಕೆಮ್ಮಿದರೆ ನಿಲ್ಲಿಸಿ.

ಮಿಲ್ಕ್ ಬ್ಯಾಂಕಿನ ಹಾಲು ಯಾರಿಗೆ?

ಮೊದಲೇ ಹೇಳಿಬಿಡುತ್ತೇನೆ: ತಿಂಗಳು ತುಂಬಿ ಹುಟ್ಟಿದ, ಆರೋಗ್ಯವಾಗಿರುವ ಮಗುವಿಗೆ ಬ್ಯಾಂಕಿನ ಹಾಲು ಸಾಮಾನ್ಯವಾಗಿ ಸಿಗುವುದಿಲ್ಲ. ಅದು ಸರಿಯೂ ಹೌದು. ಇರುವ ಸ್ವಲ್ಪ ಹಾಲು 1,500 ಗ್ರಾಂಗಿಂತ ಕಡಿಮೆ ತೂಕದ ಮಕ್ಕಳಿಗೆ ಹೋಗಬೇಕು.

ಯಾಕೆ ಅಂದರೆ ಎನ್‌ಇಸಿ. ಅವಧಿಗೆ ಮುಂಚೆ ಹುಟ್ಟಿದ ಮಗುವಿನ ಕರುಳು ಇನ್ನೂ ಪಕ್ವವಾಗಿರುವುದಿಲ್ಲ. ಅದು ಊದಿಕೊಂಡು, ಕೆಲವೊಮ್ಮೆ ಭಾಗಶಃ ಸತ್ತೇಹೋಗುವ ಕಾಯಿಲೆ ಇದು. ಆಪರೇಷನ್ ಬೇಕಾಗಬಹುದು, ಎಷ್ಟೋ ಮಕ್ಕಳು ಉಳಿಯುವುದಿಲ್ಲ. 1990ರಲ್ಲಿ ಅಲನ್ ಲೂಕಸ್ ಮತ್ತು ಟಿಮ್ ಕೋಲ್ 926 ಅವಧಿಪೂರ್ವ ಮಕ್ಕಳ ಲೆಕ್ಕ ಪ್ರಕಟಿಸಿದರು. ಬರೀ ಫಾರ್ಮುಲಾ (ಡಬ್ಬದ ಹಾಲು) ಕುಡಿದವರಲ್ಲಿ ಎನ್‌ಇಸಿ, ಬರೀ ಎದೆಹಾಲು ಕುಡಿದವರಿಗಿಂತ ಆರರಿಂದ ಹತ್ತು ಪಟ್ಟು ಜಾಸ್ತಿ ಇತ್ತು. ಫಾರ್ಮುಲಾ ಜೊತೆ ಎದೆಹಾಲೂ ಸಿಕ್ಕವರಿಗೆ ಅಪಾಯ ಬರೀ ಫಾರ್ಮುಲಾದವರ ಮೂರನೇ ಒಂದರಷ್ಟು. ಅಂದರೆ ಪೂರ್ತಿ ಅಲ್ಲದಿದ್ದರೂ ಸಿಕ್ಕಷ್ಟು ಎದೆಹಾಲಿಗೆ ಬೆಲೆ ಇದೆ.

ದಾನದ ಹಾಲು ತಾಯಿಯ ಹಾಲಿಗೆ ಸಮವಾ? ಇಲ್ಲ. ಬ್ಯಾಂಕಿನಲ್ಲಿ ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಬಿಸಿ ಮಾಡುತ್ತಾರೆ, ಇದೇ ಪಾಶ್ಚರೀಕರಣ. ಎಚ್‌ಐವಿಯಂಥ ವೈರಸ್‌ಗಳು ಸಾಯುತ್ತವೆ. ಜೊತೆಗೆ ತಾಯಿಯ ಜೀವಕೋಶಗಳು, ಕೊಬ್ಬು ಜೀರ್ಣಿಸುವ ಲೈಪೇಸ್, ಲ್ಯಾಕ್ಟೋಫೆರಿನ್‌ನ ಬಹುಭಾಗ, ಐಜಿಎಯ ಒಂದು ಪಾಲು ಹೋಗುತ್ತವೆ. ಎಚ್‌ಎಂಒ ಮಾತ್ರ ಹಾಗೇ ಉಳಿಯುತ್ತದೆ. ಇನ್ನೊಂದು ಕೊರತೆ ಪ್ರೋಟೀನ್. ದಾನ ಕೊಡುವವರು ಹೆಚ್ಚಾಗಿ ತಿಂಗಳುಗಟ್ಟಲೆ ಹಿಂದೆ ಹೆತ್ತವರು, ಅವರ ಹಾಲಿನಲ್ಲಿ ಪ್ರೋಟೀನ್ ಕಡಿಮೆ. ಅವಧಿಗೆ ಮುಂಚೆ ಹೆತ್ತ ತಾಯಿಯ ಹಾಲಿನಲ್ಲಿ ಮೊದಲ ವಾರಗಳಲ್ಲಿ ಅದು ಜಾಸ್ತಿಯೇ ಇರುತ್ತದೆ. ಹಾಗಾಗಿ ದಾನದ ಹಾಲು ಕುಡಿದ ಮಕ್ಕಳು ತೂಕ ಏರುವುದು ನಿಧಾನ. ಅದಕ್ಕೇ ಈ ಕೊರತೆ ತುಂಬುವ ಫಾರ್ಟಿಫೈಯರ್ ಅನ್ನುವ ಪುಡಿ ಬೆರೆಸುತ್ತಾರೆ. ಡಾಕ್ಟರ್ 'ಪುಡಿ ಹಾಕ್ತೀವಿ' ಅಂದಾಗ ಡಬ್ಬದ ಹಾಲು ಕೊಡುತ್ತಿದ್ದಾರೆ ಅಂತ ತಿಳಿಯಬೇಡಿ.

ಅಮೆರಿಕದಲ್ಲಿ ಅತಿ ಸಣ್ಣ ತೂಕದ 483 ಮಕ್ಕಳ ಮೇಲೆ ಮಾಡಿದ ಪರೀಕ್ಷೆಯ ಫಲಿತಾಂಶ 2024ರಲ್ಲಿ ಬಂತು. ದಾನದ ಹಾಲು ಕುಡಿದವರಲ್ಲಿ ಎನ್‌ಇಸಿ ಶೇ. 4.2, ಫಾರ್ಮುಲಾದವರಲ್ಲಿ ಶೇ. 9. ಎರಡು ವರ್ಷದ ಹೊತ್ತಿಗೆ ಮೆದುಳಿನ ಬೆಳವಣಿಗೆ ಎರಡೂ ಗುಂಪಿನಲ್ಲಿ ಒಂದೇ ಥರ ಇತ್ತು. ಈ ಪರೀಕ್ಷೆಯಿಂದ ನನಗೆ ಅನಿಸುವುದು ಇಷ್ಟು. ಬ್ಯಾಂಕಿನ ಹಾಲು ಕರುಳನ್ನು ಕಾಯುವ ಔಷಧಿ. ತಾಯಿಯ ಹಾಲು ಬರುವವರೆಗೆ ಬೇಕಾದ ಸೇತುವೆ. ಅದು ಬಂತು ಅಂತ ತಾಯಿ ಹಿಂಡುವುದನ್ನು ನಿಲ್ಲಿಸಬಾರದು.

ಭಾರತದ ಮೊದಲ ಮಿಲ್ಕ್ ಬ್ಯಾಂಕ್ 1989ರಲ್ಲಿ ಮುಂಬೈನ ಸಯನ್ ಆಸ್ಪತ್ರೆಯಲ್ಲಿ ಶುರುವಾಯಿತು. ಡಾ. ಅರ್ಮಿಡಾ ಫರ್ನಾಂಡಿಸ್ ಅದರ ಹಿಂದಿದ್ದವರು. ನಮ್ಮಲ್ಲಿ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ಬಂತು. ಮಂಗಳೂರಿನ ಲೇಡಿಗೋಷನ್ ಆಸ್ಪತ್ರೆಯಲ್ಲೂ ಇದೆ. ಒಪ್ಪುವ ಮುಂಚೆ ಕೇಳಬೇಕಾದ ಪ್ರಶ್ನೆಗಳು ಸರಳ: ದಾನಿಗೆ ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್ ಪರೀಕ್ಷೆ ಆಗಿದೆಯಾ? ಪಾಶ್ಚರೀಕರಣ ಆದಮೇಲೆ ಕಲ್ಚರ್ ಟೆಸ್ಟ್ (ಬ್ಯಾಕ್ಟೀರಿಯಾ ಉಳಿದಿದೆಯಾ ಅನ್ನುವ ಪರೀಕ್ಷೆ) ಮಾಡಿದ್ದೀರಾ?

ಆನ್‌ಲೈನ್‌ನಲ್ಲಿ, ವಾಟ್ಸಾಪ್ ಗುಂಪಿನಲ್ಲಿ ಸಿಗುವ ಎದೆಹಾಲು ಮಾತ್ರ ಬೇಡ. ಅಮೆರಿಕದಲ್ಲಿ ಇಂಟರ್‌ನೆಟ್‌ನಲ್ಲಿ ಕೊಂಡ ಸುಮಾರು 100 ಸ್ಯಾಂಪಲ್ ಪರೀಕ್ಷಿಸಿದಾಗ ಹತ್ತರಲ್ಲಿ ಹಸುವಿನ ಹಾಲು ಬೆರೆಸಿದ್ದು ಗೊತ್ತಾಯಿತು, ಮುಕ್ಕಾಲು ಪಾಲಿನಲ್ಲಿ ಬ್ಯಾಕ್ಟೀರಿಯಾ ಮಿತಿ ಮೀರಿತ್ತು. ಭಾರತದಲ್ಲಂತೂ ಎದೆಹಾಲನ್ನು ಸಂಸ್ಕರಿಸಿ ಮಾರಲು ಅನುಮತಿಯೇ ಇಲ್ಲ ಎಂದು ಆಹಾರ ಸುರಕ್ಷತೆಯ ಕೇಂದ್ರ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2024ರ ಮೇ ತಿಂಗಳಲ್ಲಿ ಖಡಾಖಂಡಿತವಾಗಿ ಹೇಳಿದೆ.

ಡಬ್ಬದ ಹಾಲು ಆರಿಸುವುದಾದರೆ

ತಿಂಗಳು ತುಂಬಿ ಹುಟ್ಟಿದ ಮಗುವಿಗೆ ತಾಯಿಯ ಹಾಲು ಸಾಲದಿದ್ದರೆ, ಇಲ್ಲವೇ ತಾಯಿ ಕೀಮೋಥೆರಪಿಯಂಥ ಚಿಕಿತ್ಸೆಯಲ್ಲಿದ್ದರೆ, ಸರಿಯಾದ ಆಯ್ಕೆ ಫಾರ್ಮುಲಾ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಗ್ಯಾಲಕ್ಟೋಸೀಮಿಯಾ ಅನ್ನುವ ಅಪರೂಪದ ಕಾಯಿಲೆಯ ಮಗುವಿಗೆ ಎದೆಹಾಲೂ ಆಗುವುದಿಲ್ಲ, ಮಾಮೂಲಿ ಫಾರ್ಮುಲಾವೂ ಆಗುವುದಿಲ್ಲ. ಅದಕ್ಕೆ ಸೋಯಾ ಡಬ್ಬ.

ಯಾವ ಬ್ರ್ಯಾಂಡ್ ಅಂತ ತಲೆ ಕೆಡಿಸಿಕೊಳ್ಳಬೇಡಿ. ಒಂದನೇ ನಂಬರಿನ ಡಬ್ಬದಲ್ಲಿ ಏನೇನು ಎಷ್ಟಿರಬೇಕು ಅನ್ನುವುದು ಕಾನೂನಿನಲ್ಲೇ ಇದೆ. ಕಡಿಮೆ ಬೆಲೆಯ ಡಬ್ಬವೂ ಅದೇ ಮಿತಿಯೊಳಗೆ ಇರಬೇಕು. ಡಿಎಚ್‌ಎ (ಒಂದು ಬಗೆಯ ಒಮೆಗಾ-3 ಕೊಬ್ಬು) ಸೇರಿಸಿದ ಡಬ್ಬದಿಂದ ತುಂಬು ತಿಂಗಳ ಮಕ್ಕಳು ಜಾಣರಾಗುತ್ತಾರೆ ಅನ್ನುವುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. 1992ರ ಐಎಂಎಸ್ ಕಾಯ್ದೆ (ಎದೆಹಾಲಿನ ಬದಲಿ ಹಾಲುಗಳ ಮಾರಾಟ ನಿಯಂತ್ರಿಸುವ ಕಾನೂನು) ಪ್ರಕಾರ ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿಗೆ ಜಾಹೀರಾತು ಕೊಡುವುದೇ ಅಪರಾಧ. ಯಾರಾದರೂ ಸ್ಯಾಂಪಲ್ ಕೈಗಿತ್ತರೆ ಅನುಮಾನ ಪಡಿ. ಲ್ಯಾಕ್ಟೋಸ್ ಇಲ್ಲದ ಡಬ್ಬ, ಪ್ರೋಟೀನ್ ಒಡೆದ ಡಬ್ಬ, ಇವೆಲ್ಲ ವೈದ್ಯರು ಕಾಯಿಲೆ ಗುರುತಿಸಿ ಬರೆದುಕೊಟ್ಟರೆ ಮಾತ್ರ.

ಬ್ರ್ಯಾಂಡಿಗಿಂತ ಬೆರೆಸುವ ರೀತಿ ಮುಖ್ಯ. ಪುಡಿ ಹಾಲು ಕ್ರಿಮಿರಹಿತ ಅಲ್ಲ. ಅದರಲ್ಲಿ ಕ್ರೋನೋಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾ ಇರಬಹುದು. ಹಾಗಾಗಿ ಕುದಿಸಿದ ನೀರು ಪೂರ್ತಿ ಆರುವ ಮುಂಚೆ, 70 ಡಿಗ್ರಿಗಿಂತ ಕೆಳಗಿಳಿಯದ ಹಾಗೆ, ಅಂದರೆ ಕುದಿಸಿ ಅರ್ಧ ಗಂಟೆಯೊಳಗೆ ಪುಡಿ ಹಾಕಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಮೇಲೆ ತಣ್ಣೀರಿನಲ್ಲಿ ಬಾಟಲಿ ಇಟ್ಟು ಉಗುರು ಬೆಚ್ಚಗೆ ಮಾಡಿ ಕುಡಿಸುವುದು. ಎರಡು ಗಂಟೆ ದಾಟಿದ್ದನ್ನು ಚೆಲ್ಲಿ. ಬೆಳಗ್ಗೆ ಕಲಸಿ ಫ್ಲಾಸ್ಕಿನಲ್ಲಿ ಇಡುವ ಅಭ್ಯಾಸ ತುಂಬ ಅಪಾಯ.

ಇನ್ನು ಖರ್ಚು. ದಿನಕ್ಕೆ 800 ಮಿ.ಲೀ. ಕುಡಿಯುವ ಮಗುವಿಗೆ ಸುಮಾರು 100 ಗ್ರಾಂ ಪುಡಿ ಬೇಕು. 400 ಗ್ರಾಂ ಡಬ್ಬ ನಾಲ್ಕೇ ದಿನಕ್ಕೆ ಮುಗಿಯುತ್ತದೆ. ತಿಂಗಳ ಕೊನೆಗೆ ದುಡ್ಡು ಸಾಲದೆ ಒಂದು ಅಳತೆ ಚಮಚ ಕಡಿಮೆ ಹಾಕಿ ನೀರು ಜಾಸ್ತಿ ಮಾಡುತ್ತಾರೆ. ಮಗು ಹೊಟ್ಟೆ ತುಂಬಿದ ಹಾಗೆ ಮಲಗುತ್ತದೆ, ತೂಕ ಮಾತ್ರ ಏರುವುದಿಲ್ಲ. ಡಬ್ಬ ಶುರು ಮಾಡುವ ಮುಂಚೆಯೇ ಆರು ತಿಂಗಳ ಲೆಕ್ಕ ಹಾಕಿ.

ಹಸು, ಮೇಕೆ, ಮತ್ತೆ ಕತ್ತೆ

ಹಸುವಿನ ಹಾಲಿನಲ್ಲಿ ಪ್ರೋಟೀನ್ ಎದೆಹಾಲಿನ ಮೂರು ಪಟ್ಟು, ಸೋಡಿಯಂ ಕೂಡ ಸುಮಾರು ಮೂರು ಪಟ್ಟು. ಕರುವಿಗೆ ಅದು ಬೇಕು, ಎಳೆ ಮಗುವಿನ ಮೂತ್ರಪಿಂಡಕ್ಕೆ ಹೊರೆ. ನೀರು ಬೆರೆಸಿದರೆ ಪ್ರೋಟೀನ್ ಇಳಿಯುತ್ತದೆ ನಿಜ, ಜೊತೆಗೆ ಕೊಬ್ಬೂ ಶಕ್ತಿಯೂ ಇಳಿಯುತ್ತವೆ. ಕಬ್ಬಿಣ ಮೊದಲೇ ಕಡಿಮೆ, ಇರುವುದೂ ಸರಿಯಾಗಿ ಮೈಗೆ ಹತ್ತುವುದಿಲ್ಲ. ಕೆಲವು ಎಳೆ ಮಕ್ಕಳ ಕರುಳಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಸೋರುವುದೂ ಉಂಟು. 'ನಿಮ್ಮನ್ನೆಲ್ಲ ಹಾಗೇ ಬೆಳೆಸಿದ್ದು' ಅನ್ನುವ ದೊಡ್ಡಮ್ಮನಿಗೆ ಆ ಕಾಲದಲ್ಲಿ ಎಷ್ಟು ಮಕ್ಕಳು ಉಳಿಯಲಿಲ್ಲ ಅನ್ನುವುದೂ ಗೊತ್ತಿರುತ್ತದೆ. ಆರು ತಿಂಗಳೊಳಗೆ ಬೇಡ. ಆರು ತಿಂಗಳ ಮೇಲೆ, ಎದೆಹಾಲು ಸಿಗದ ಮಗುವಿಗೆ ಫಾರ್ಮುಲಾ ಇಲ್ಲವೇ ಪ್ರಾಣಿ ಹಾಲು ಯಾವುದಾದರೂ ಕೊಡಬಹುದು ಅಂತ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಆಗ ಕಾಯಿಸಿದ ಗಟ್ಟಿ ಹಾಲನ್ನೇ ಕೊಡಿ, ಜೊತೆಗೆ ಕಬ್ಬಿಣ ಇರುವ ಊಟ ಬೇಕೇ ಬೇಕು. ಮೇಕೆ ಹಾಲಿಗೂ ಇದೇ ತಕರಾರು, ಜೊತೆಗೆ ಫೋಲೇಟ್ ಅನ್ನುವ ವಿಟಮಿನ್ ತೀರಾ ಕಡಿಮೆ.

ಊರೂರಿನ ಬೀದಿಯಲ್ಲಿ ಕತ್ತೆ ಹಿಡಿದುಕೊಂಡು ಬಂದು ಒಂದು ಒಳಲೆ ಹಾಲಿಗೆ ನೂರರ ಲೆಕ್ಕದಲ್ಲಿ ಕೇಳುವವರನ್ನು ನೋಡಿರುತ್ತೀರಿ. ಕೆಮ್ಮು, ದೃಷ್ಟಿ, ಎಲ್ಲಕ್ಕೂ ಅದೇ ಮದ್ದು ಅನ್ನುತ್ತಾರೆ. ಪ್ರೋಟೀನ್, ಲ್ಯಾಕ್ಟೋಸ್ ಲೆಕ್ಕದಲ್ಲಿ ಕತ್ತೆ ಹಾಲು ಹಸುವಿನದಕ್ಕಿಂತ ಎದೆಹಾಲಿಗೆ ಹತ್ತಿರ, ಅದು ಸುಳ್ಳಲ್ಲ. ಆದರೆ ಕೊಬ್ಬು ಶೇ. 1ನ್ನೂ ಮುಟ್ಟುವುದು ಅಪರೂಪ, ಅದರಿಂದ ಮಗು ಬೆಳೆಯುವುದಿಲ್ಲ. ಬೀದಿಯಲ್ಲಿ ಕರೆದು ಹಸಿಯಾಗಿ ಕುಡಿಸುವುದು ನವಜಾತ ಮಗುವಿಗೆ ಸೋಂಕನ್ನು ದುಡ್ಡು ಕೊಟ್ಟು ತಂದ ಹಾಗೆ.

ತಾಯಿಯ ಹಾಲಿನಲ್ಲೂ ಇಲ್ಲದ್ದು

ತಾಯಿ ಏನು ತಿಂದರೂ ಹಾಲಿನ ಲ್ಯಾಕ್ಟೋಸ್, ಪ್ರೋಟೀನ್, ಕ್ಯಾಲ್ಸಿಯಂ ಹೆಚ್ಚು ಬದಲಾಗುವುದಿಲ್ಲ. ಬದಲಾಗುವುದು ಕೊಬ್ಬಿನ ಬಗೆ, ಅಯೋಡಿನ್, ಬಿ ಗುಂಪಿನ ವಿಟಮಿನ್‌ಗಳು. ಅದರಲ್ಲೂ ಬಿ12. ಸಸ್ಯಾಹಾರಿ ತಾಯಂದಿರ ಮಕ್ಕಳು ಬರೀ ಎದೆಹಾಲು ಕುಡಿದು ದುಂಡಗೆ ಕಂಡರೂ, ಆರು ತಿಂಗಳಾದ ಮೇಲೆ ಕಲಿತದ್ದನ್ನು ಮರೆಯುವುದು, ಕೈಕಾಲು ನಡುಗುವುದು, ಬೆರಳ ಗೆಣ್ಣು ಕಪ್ಪಾಗುವುದು ನಮ್ಮ ದೇಶದ ಮಕ್ಕಳ ವೈದ್ಯರಿಗೆ ಹಳೆಯ ಪರಿಚಯ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು ಸೇರಿ ನಡೆಸಿದ ಒಂದು ಪರೀಕ್ಷೆಯಲ್ಲಿ ಗರ್ಭಿಣಿಯರಿಗೆ ದಿನಕ್ಕೆ 50 ಮೈಕ್ರೋಗ್ರಾಂ ಬಿ12 ಮಾತ್ರೆಯನ್ನು ಹೆರಿಗೆಯಾದ ಆರನೇ ವಾರದವರೆಗೂ ಕೊಟ್ಟರು. ತಾಯಿಯ ರಕ್ತದಲ್ಲಿ, ಹಾಲಿನಲ್ಲಿ, ಮಗುವಿನ ಮೈಯಲ್ಲಿ, ಮೂರೂ ಕಡೆ ಬಿ12 ಏರಿತ್ತು. ಆ ವರದಿ 2014ರಲ್ಲಿ ಬಂತು. ಬರೀ ಸಾರನ್ನ, ಬೆಳ್ಳುಳ್ಳಿ, ತುಪ್ಪದ ಬಾಣಂತಿ ಪಥ್ಯ ಮಾಡುವವರು ಈ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ.

ವಿಟಮಿನ್ ಡಿ ಎದೆಹಾಲಿನಲ್ಲಿ ಕಡಿಮೆಯೇ. ಮೊದಲ ವರ್ಷ ಪೂರ್ತಿ ದಿನಕ್ಕೆ 400 ಐಯು ಹನಿ ಹಾಕಬೇಕು. ಒಂದೇ ಅಂಗಡಿಯಲ್ಲಿ 1 ಮಿ.ಲೀ.ಗೆ 400 ಐಯು ಇರುವ ಬಾಟಲಿಯೂ 800 ಐಯು ಇರುವ ಬಾಟಲಿಯೂ ಸಿಗುತ್ತವೆ, ಲೇಬಲ್ ನೋಡಿ ಅಳೆಯಿರಿ. ಕಡಿಮೆ ತೂಕದಲ್ಲಿ ಹುಟ್ಟಿದ ಮಕ್ಕಳಿಗೆ ಕೆಲವೇ ವಾರಗಳಲ್ಲಿ ಕಬ್ಬಿಣದ ಹನಿಯೂ ಬೇಕು.

ನಿಮ್ಮ ಮಗು ಯಾವ ಸಾಲಿನಲ್ಲಿದೆ?

1,500 ಗ್ರಾಂಗಿಂತ ಕಡಿಮೆ ತೂಕವಾದರೆ: ತಾಯಿಯ ಹಾಲನ್ನು ಮೊದಲ ದಿನದಿಂದಲೇ ಹಿಂಡಿ, ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ. ಸಾಲದಷ್ಟಕ್ಕೆ ಬ್ಯಾಂಕಿನ ಹಾಲು, ವೈದ್ಯರು ಹೇಳಿದಾಗ ಫಾರ್ಟಿಫೈಯರ್. ಬ್ಯಾಂಕ್ ಇಲ್ಲದ ಊರಿನಲ್ಲಿ ಪ್ರೀಟರ್ಮ್ ಫಾರ್ಮುಲಾ (ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಡಬ್ಬದ ಹಾಲು) ಕೊನೆಯ ದಾರಿ.

ತುಂಬು ತಿಂಗಳ ಮಗುವಾಗಿ ತೂಕ ಸರಿಯಾಗಿ ಏರುತ್ತಿದ್ದರೆ ಯಾರು ಏನೇ ಹೇಳಿದರೂ ಬೇರೆ ಹಾಲು ಬೇಡ. ಏರದಿದ್ದರೆ ಮೊದಲು ಮಗು ಎದೆ ಹಿಡಿಯುವ ರೀತಿಯನ್ನು ನರ್ಸ್‌ಗೋ ಆಶಾ ಕಾರ್ಯಕರ್ತೆಗೋ ತೋರಿಸಿ, ಬಹಳ ಸಲ ತೊಂದರೆ ಅಲ್ಲೇ ಇರುತ್ತದೆ. ಆಮೇಲೂ ಕೊರತೆ ಇದ್ದರೆ ಎದೆಗೆ ಹಾಕಿದ ಮೇಲೆ ಕೊರತೆಯಷ್ಟೇ ಫಾರ್ಮುಲಾ, ಒಳಲೆಯಲ್ಲಿ. ಪೂರ್ತಿ ಬದಲಾಯಿಸುವ ಅಗತ್ಯ ಇಲ್ಲ. ತೂಕ ಎರಡು ವಾರ ಚೆನ್ನಾಗಿ ಏರಿದರೆ ವೈದ್ಯರಿಗೆ ಹೇಳಿ, ಒಂದೊಂದು ಸಲದ ಅಳತೆಯನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ, ನಾಲ್ಕೈದು ದಿನಕ್ಕೊಮ್ಮೆ ತೂಕ ನೋಡುತ್ತಾ ಹೋಗಬಹುದು. ಎಷ್ಟೋ ಮನೆಗಳಲ್ಲಿ ಎರಡನೇ ತಿಂಗಳಿಗೆ ಡಬ್ಬ ತಾನಾಗಿ ನಿಂತಿದೆ.

ವರ್ಷ ತುಂಬಿದ ಮಗುವಿಗೆ ಮೂರನೇ, ನಾಲ್ಕನೇ ನಂಬರಿನ ಡಬ್ಬ ತರುವುದು ದುಡ್ಡು ದಂಡ. ಮನೆಯ ಊಟ, ಸಾಧಾರಣ ಹಾಲು, ಜೊತೆಗೆ ಬೇಕೆನಿಸುವವರೆಗೆ ಎದೆಹಾಲು.